ಅಡಗದ ಸ್ವರ

ನದಿಯ ದಂಡೆಯ ಮೇಲೆ ಒಂದು ಸಂಗೀತದ ಆಶ್ರಮವಿತ್ತು. ಅಲ್ಲಿ ಮಹಾಂತಯ್ಯ ಎಂಬ ಗುರುಗಳಿದ್ದರು. ಆಶ್ರಮದವರಿಗೆಲ್ಲ ಅವರು ಅಜ್ಜಾರು.

ಅವರು ನುಡಿಸುತ್ತಿದ್ದುದು ಗಿಟಾರ್. ಅದನ್ನು ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು, ಎಡಗೈಯಲ್ಲಿ ಉಕ್ಕಿನ ಸರಳೊಂದನ್ನು ಹಿಡಿದು ತಂತಿಯ ಮೇಲೆ ಜಾರಿಸುತ್ತ ನುಡಿಸುವರು. ಗಿಟಾರಿನಿಂದ ಹೊರಟ ವೈರು ಬೆನ್ನ ಹಿಂದಿನ ಹಳೇ ಆಂಪ್ಲಿಫೈಯರಿಗೆ ಹೋಗುತ್ತಿತ್ತು.

ಆಶ್ರಮದಲ್ಲಿ ಗಿಟಾರೇ ಎಂದು ಹೊಸಬರು ಯಾರಾದರೂ ಹುಬ್ಬೇರಿಸಿದರೆ ಗುರುಗಳು ವಾದಕ್ಕೆ ಇಳಿಯುತ್ತಿರಲಿಲ್ಲ. ಒಂದು ಸ್ವರ ಮೀಟುವರು. ಏರಿದ ಹುಬ್ಬು ತಾನಾಗಿ ಇಳಿಯುತ್ತಿತ್ತು.

ಅವರ ಪಾಠದಲ್ಲಿ ಇದ್ದದ್ದು ಒಂದೇ ಕಟ್ಟಳೆ. ಆಲಾಪ ಶುರು ಮಾಡುವಾಗ, ಮೀಟಿದ ಸ್ವರ ಪೂರ್ತಿ ಅಡಗುವ ತನಕ ಮುಂದಿನದನ್ನು ಮೀಟಬಾರದು.

"ಮನಿಗೆ ಬಂದವರನ್ನ ಬಾಗಿಲ ತನಕ ಹೋಗಿ ಕಳಿಸಿ ಬರ್ತೀಯಲ್ಲ, ಹಂಗ," ಎನ್ನುವರು. "ಅದು ಹೋದ ಮ್ಯಾಲ ಇನ್ನೊಂದನ್ನ ಕರಿ."

ಕಲ್ಮೇಶ ಎಂಟು ವರ್ಷದಿಂದ ಅವರ ಶಿಷ್ಯ. ಈಗ ಇಪ್ಪತ್ತನಾಲ್ಕರ ಪ್ರಾಯ. ಕೈ ಚುರುಕು, ಮನಸ್ಸು ಕೈಗಿಂತ ಚುರುಕು. ಕಾಯುವುದೆಂದರೆ ಮಾತ್ರ ಅವನಿಗೆ ಅಂಗಾಲಲ್ಲಿ ಇರುವೆ ಹರಿದಂತಾಗುತ್ತಿತ್ತು.

ಅವನ ಸೋದರಮಾವನ ಮಗ ಹುಬ್ಬಳ್ಳಿಯ ಒಂದು ಆರ್ಕೆಸ್ಟ್ರಾದಲ್ಲಿದ್ದ. ಒಮ್ಮೆ ಬಂದವನು ಒಂದು ರಿವರ್ಬ್ ಪೆಡಲ್ ಕೊಟ್ಟು ಹೋದ. ಅಂಗೈಯಗಲದ ಕಬ್ಬಿಣದ ಡಬ್ಬಿ ಅದು. ಗಿಟಾರಿನ ವೈರು ಒಂದು ಕಡೆಯಿಂದ ಅದರೊಳಗೆ ಹೋಗಿ, ಇನ್ನೊಂದು ಕಡೆಯಿಂದ ಹೊರಬಂದು ಆಂಪ್ಲಿಫೈಯರ್ ಸೇರಬೇಕು. ಗುಂಡಿ ಒತ್ತಿದರೆ, ಸಣ್ಣ ಕೋಣೆಯಲ್ಲಿ ಮೀಟಿದ್ದು ದೊಡ್ಡ ಗುಮ್ಮಟದೊಳಗೆ ಮೀಟಿದ ಹಾಗೆ ಗುಂಯ್‌ಗುಡುತ್ತದೆ. ಮೇಲಿನ ತಿರುಗಣಿಯನ್ನು ತಿರುವಿದಷ್ಟೂ ಆ ಗುಂಗು ಉದ್ದವಾಗುತ್ತದೆ.

ಕಲ್ಮೇಶ ನುಡಿಸಿ ನೋಡಿ ತನ್ನ ಕೈಗೆ ತಾನೇ ಮರುಳಾದ. ಸರಳು ಜಾರುವಾಗಿನ ಕಿರುಗುಟ್ಟುವಿಕೆ, ತಪ್ಪಿದ ಕಡೆಯ ಅಂಕುಡೊಂಕು, ಎಲ್ಲ ಆ ಗುಂಗಿನಲ್ಲಿ ಕರಗಿದವು. ಮೂರು ದಿನ ಅಭ್ಯಾಸ ಮಾಡಿ, ನಾಲ್ಕನೇ ದಿನ ಗುರುಗಳ ಮುಂದೆ ಜಂಬದಿಂದಲೇ ಕುಳಿತ.

ಗುರುಗಳು ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಪೆಡಲನ್ನು ಕೈಗೆ ತೆಗೆದುಕೊಂಡು ಹಿಂದೆಮುಂದೆ ತಿರುಗಿಸಿ ನೋಡಿದರು.

"ಚಲೋ ಐತಿ," ಎಂದರು. "ಮೂರನೇ ಸ್ವರ ತಪ್ಪಿತು."

ಕಲ್ಮೇಶನ ಮುಖ ಸಣ್ಣಗಾಯಿತು. "ಅಷ್ಟು ಗುಂಗಿನಾಗ ನಿಮಗ ಅದು ಹೆಂಗ ಕೇಳಿಸ್ತರಿ, ಅಜ್ಜಾರ?"

"ಕೇಳದ ಏನ ಮಾಡ್ಲಿ? ಬರೇ ಕೈಲೆ ಬಾರಿಸಿದ್ರ ತಪ್ಪು ಬಂದು ಹೋಗಿಬಿಡ್ತಿತ್ತು. ಈ ಡಬ್ಬಿ ಅದನ್ನ ಹಿಡಕೊಂಡು ಕುಂತೈತಿ."

ಕೋಪ ಮಾಡಿಕೊಳ್ಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಕಲ್ಮೇಶನೇ ಪೆಡಲನ್ನು ಟವೆಲಿನಲ್ಲಿ ಸುತ್ತಿ ಟ್ರಂಕಿನ ತಳಕ್ಕೆ ತಳ್ಳಿದ.

ಆ ವರ್ಷವೇ ಗುರುಗಳ ಕೈಗಳು ನಡುಗತೊಡಗಿದವು. ತಂತಿಯ ಮೇಲೆ ಸರಳು ನಿಲ್ಲುವಾಗ ಸ್ವರ ತುಸು ಅಲುಗುತ್ತಿತ್ತು. ಗುರುಗಳು ಅದನ್ನು ಮುಚ್ಚಿಡಲಿಲ್ಲ. ನಡುಗಿದರೆ ನಡುಗಲಿ ಎಂದು ದಿನವೂ ನುಡಿಸುತ್ತಲೇ ಇದ್ದರು. ನಾಚಿಕೆಯಾದದ್ದು ಶಿಷ್ಯನಿಗೆ.

ಅಷ್ಟರಲ್ಲಿ ಗುರುಗಳ ಗುರುಗಳ ಪುಣ್ಯತಿಥಿ ಬಂತು. ಪ್ರತಿ ವರ್ಷ ಅಂದು ಬೆಳಿಗ್ಗೆ ಗುರುಗಳು ನುಡಿಸುವುದು ವಾಡಿಕೆ. ಈ ಸಲ ನಗರದ ಒಂದು ಸಂಗೀತ ಸಭೆಯವರು ಇಬ್ಬರು ಬರುವವರಿದ್ದರು. ಕೇಳಿ ಮೆಚ್ಚಿದರೆ ಗುರುಗಳನ್ನು ತಮ್ಮ ವೇದಿಕೆಗೆ ಕರೆಯುವರಂತೆ.

ಊರಿಗೆ ಊರೇ ಹೆಮ್ಮೆಯಲ್ಲಿತ್ತು. ಕಲ್ಮೇಶನಿಗೆ ಮಾತ್ರ ದಿಗಿಲು. ಅಂಥವರ ಎದುರಿಗೆ ಕೈ ನಡುಗಿದರೆ ಗುರುಗಳ ಮರ್ಯಾದೆ ಏನಾಗಬೇಕು ಎಂದು ತನಗೆ ತಾನು ಹೇಳಿಕೊಂಡ. ನಿಜ ಬೇರೆ ಇತ್ತು. ಇವರ ಶಿಷ್ಯನೇ ನೀನು ಎಂದು ಅವರು ತನ್ನ ಕಡೆ ನೋಡುತ್ತಾರಲ್ಲ, ಅವನು ಹೆದರಿದ್ದು ಅದಕ್ಕೆ.

ವೈರು ಜೋಡಿಸುವುದು ಹೇಗೂ ಅವನದೇ ಕೆಲಸ. ಅಂದು ಎಲ್ಲರಿಗಿಂತ ಮೊದಲೇ ಸಭಾಮಂಟಪಕ್ಕೆ ಹೋಗಿ, ನಡುಕ ಗುಂಗಿನಲ್ಲಿ ಕರಗೀತು ಎಂದು ಆಂಪ್ಲಿಫೈಯರಿನ ಮಗ್ಗುಲಲ್ಲಿ ಪೆಡಲನ್ನಿಟ್ಟ. ತಿರುಗಣಿಯನ್ನು ಕೊನೆಯ ತನಕ ತಿರುವಿ, ಗುಂಡಿ ಒತ್ತಿ, ಮೇಲೊಂದು ಶಾಲು ಹೊದಿಸಿದ. ಆಮೇಲೆ ತಂಬೂರಿ ಹಿಡಿದು ಗುರುಗಳ ಬೆನ್ನ ಹಿಂದೆ ತನ್ನ ಜಾಗದಲ್ಲಿ ಕುಳಿತ.

ಗುರುಗಳು ಷಡ್ಜ ಮೀಟಿದರು.

ಮಂಟಪ ತುಂಬಿ ಹೋಯಿತು. ನಡುಕವಿಲ್ಲ, ಅಲುಗಾಟವಿಲ್ಲ. ಮುಂದೆ ಕುಳಿತಿದ್ದ ಯಾರೋ ಆಹಾ ಎಂದರು. ಕಲ್ಮೇಶನ ಎದೆ ಉಬ್ಬಿತು.

ಗುರುಗಳು ಸರಳನ್ನು ಎತ್ತಿ ಹಿಡಿದು, ತಲೆ ತುಸು ಬಾಗಿಸಿ ಕಾದರು.

ಸ್ವರ ಅಡಗಲಿಲ್ಲ. ಗುಂಯ್‌ಗುಡುತ್ತಲೇ ಇತ್ತು. ಗುರುಗಳು ಕಾಯುತ್ತಲೇ ಇದ್ದರು. ಬಹಳ ಹೊತ್ತಿನ ಮೇಲೆ ಅದು ಅಡಗಿದಾಗ ಎರಡನೇ ಸ್ವರ ಮೀಟಿ, ಮತ್ತೆ ಹಾಗೇ ಕುಳಿತರು.

ಕಲ್ಮೇಶನಿಗೆ ಆಗ ಹೊಳೆಯಿತು. ಎಂಟು ವರ್ಷ ಕೇಳಿದ ಒಂದೇ ಒಂದು ಕಟ್ಟಳೆ, ಅದನ್ನೇ ಅವನು ಮರೆತಿದ್ದ.

ನಾಲ್ಕನೇ ಸ್ವರದ ಹೊತ್ತಿಗೆ ಜನ ಕುಳಿತಲ್ಲೇ ಮಿಸುಕಾಡತೊಡಗಿದರು. ಒಬ್ಬರು ಕೆಮ್ಮಿದರು. ಸಭೆಯವರಲ್ಲಿ ಒಬ್ಬರು ವಾಚು ನೋಡಿಕೊಂಡರು. ಹೆಂಗಸರ ಸಾಲಿನಲ್ಲಿ, ಅಜ್ಜಾರಿಗೆ ಮುಂದಿಂದು ಮರ್ತೈತಿ ಕಾಣತೈತಿ ಎಂಬ ಪಿಸುಮಾತು ಎದ್ದು ಹಿಂದಿನ ತನಕ ಹೋಯಿತು.

ಪೆಡಲ್ ಕೈಗೆಟುಕುವ ದೂರದಲ್ಲೇ ಇತ್ತು. ಬಗ್ಗಿ ಒಮ್ಮೆ ಒತ್ತಿದ್ದರೆ ಮುಗಿಯುತ್ತಿತ್ತು. ಆದರೆ ತಂಬೂರಿ ನಿಂತರೆ ಎಲ್ಲರೂ ತಿರುಗಿ ನೋಡುತ್ತಾರೆ. ಶಾಲು ಸರಿಯುತ್ತದೆ. ಅದೇನು, ಯಾರು ಇಟ್ಟಿದ್ದು ಎಂದು ಕೇಳುತ್ತಾರೆ.

ಅವನ ಕೈ ತಂತಿ ಬಿಟ್ಟು ಎದ್ದಿತು, ಮತ್ತೆ ತಂತಿಗೇ ಮರಳಿತು. ಮುಂದಿನ ಸ್ವರಕ್ಕೆ ಒತ್ತಿಬಿಡೋಣ ಎಂದುಕೊಂಡ. ಮುಂದಿನ ಸ್ವರ ಬಂತು. ಅದರ ಮುಂದಿನದಕ್ಕೆ ಎಂದುಕೊಂಡ.

ಹೀಗೇ ಅರ್ಧ ಗಂಟೆ ಹೋಯಿತು. ಗುರುಗಳು ಸರಳನ್ನು ಕೆಳಗಿಟ್ಟು ಕೈ ಮುಗಿದರು. ಜನ ಮುಲಾಜಿಗೆ ಚಪ್ಪಾಳೆ ತಟ್ಟಿದರು.

ಸಭೆಯವರಲ್ಲಿ ಹಿರಿಯರು ಒಳ್ಳೆಯವರೇ. ಗುರುಗಳ ಕಾಲು ಮುಟ್ಟಿ, ತಾವು ಇನ್ನು ವಿಶ್ರಾಂತಿ ತೆಗೆದುಕೊಳ್ಳಬೇಕು ಎಂದು ಮೆಲ್ಲಗೆ ಹೇಳಿದರು.

"ಹೌದರಿ, ವಯಸ್ಸಾತು," ಎಂದು ಗುರುಗಳು ನಕ್ಕರು.

ಕಲ್ಮೇಶ ಪಕ್ಕದಲ್ಲೇ ವೈರು ಸುತ್ತುತ್ತ ನಿಂತಿದ್ದ. ಬಾಯಿ ತೆರೆದರೆ ಸಾಕಿತ್ತು. ಅವನು ವೈರನ್ನು ಬಿಚ್ಚಿ ಇನ್ನೊಮ್ಮೆ ಸುತ್ತಿದ.

ಇನ್ನೊಬ್ಬರು ಹೋಗುವಾಗ ಅವನನ್ನು ಬಾಗಿಲ ಹತ್ತಿರ ಕರೆದು, ನೀವೂ ನುಡಿಸುತ್ತೀರಂತಲ್ಲ, ಗುರುಗಳ ಬದಲು ನೀವೇ ಬಂದುಬಿಡಿ ಎಂದರು. ಆಗಲೂ ಅವನು ಇಲ್ಲ ಎನ್ನಲಿಲ್ಲ. "ನೋಡೋಣ್ರಿ," ಎಂದ. ಆ ಮಾತು ಬಾಯಿಂದ ಬಿದ್ದದ್ದೇ ಮೈಯೆಲ್ಲ ಬಿಸಿಯಾಯಿತು. ನೆಲ ಬಾಯಿಬಿಟ್ಟಿದ್ದರೆ ಇಳಿದು ಹೋಗಿಬಿಡುತ್ತಿದ್ದ.

ಪುಣ್ಯತಿಥಿಯ ಪಂಕ್ತಿಗೆ ಗುರುಗಳೇ ಬಡಿಸುವುದು ಆಶ್ರಮದ ಪದ್ಧತಿ. ಹುಗ್ಗಿಯ ಬಕೆಟ್ ಹಿಡಿದು ಸಾಲು ಹಿಡಿದು ಬಂದರು. ಸೌಟು ನಡುಗಿ ಹುಗ್ಗಿ ಎಲೆಯ ಆಚೆಗೂ ಬೀಳುತ್ತಿತ್ತು. ಅದನ್ನು ಕಂಡು ಯಾರೂ ನಗಲಿಲ್ಲ. ಬಿದ್ದದ್ದನ್ನು ಜನ ಬೆರಳಿನಿಂದ ಎಲೆಗೆ ಎಳೆದುಕೊಂಡು ತಿಂದರು.

ಕಲ್ಮೇಶನ ಎಲೆಯ ಮುಂದೆ ಗುರುಗಳು ನಿಂತರು. "ಸಾಕೇನಪಾ?" ಎಂದು ಕೇಳಿದರು. ಅವನು ತಲೆ ಎತ್ತಲಿಲ್ಲ.

ಎದ್ದವನು ಕೈ ತೊಳೆದುಕೊಂಡು, ಪೆಡಲನ್ನು ಅಂಗಿಯೊಳಗೆ ಮುಚ್ಚಿಕೊಂಡು ನದಿಗೆ ನಡೆದ. ಅದನ್ನು ಮುಳುಗಿಸಿಬಿಡಬೇಕು ಎಂದು ಕೈ ಎತ್ತಿದ. ಬೇಸಿಗೆಯ ನದಿ, ಪಾದ ಮುಳುಗುವಷ್ಟೂ ನೀರಿಲ್ಲ. ತಳದ ಕಲ್ಲುಗಳೆಲ್ಲ ಎಣಿಸುವ ಹಾಗೆ ಕಾಣುತ್ತಿದ್ದವು. ಎಸೆದರೂ ಅದು ಎಲ್ಲರ ಕಣ್ಣ ಮುಂದೆಯೇ ಕುಳಿತಿರುತ್ತಿತ್ತು.

"ಅದನ್ಯಾಕ ಒಗಿತಿ?"

ಗುರುಗಳು ಹಿಂದೆಯೇ ಬಂದು ದಂಡೆಯ ಮೇಲಿನ ಮೆಟ್ಟಿಲಲ್ಲಿ ಕುಳಿತಿದ್ದರು. "ಎಷ್ಟು ತಿರುವಿದಿ, ಅಷ್ಟು ಮಾಡೈತಿ. ಅದರದೇನು ತಪ್ಪು?"

ಕಲ್ಮೇಶ ಪೆಡಲನ್ನು ಕೆಳಗಿಟ್ಟ. ಮರಳಿನಲ್ಲಿ ಕುಳಿತು ಎಲ್ಲವನ್ನೂ ಹೇಳಿದ. ಶಾಲು ಹೊದಿಸಿದ್ದು, ತಿರುಗಣಿ ತಿರುವಿದ್ದು, ಬಾಗಿಲ ಹತ್ತಿರ ನೋಡೋಣ ಎಂದದ್ದು.

ಗುರುಗಳು ಇನ್ನೂ ಕೇಳುವವರ ಹಾಗೆ ಕುಳಿತೇ ಇದ್ದರು.

ಕಲ್ಮೇಶ ಮರಳನ್ನು ಕೆದಕಿದ. ಒಳಗೆ ಉಳಿದಿದ್ದ ಒಂದು ಮಾತೂ ಹೊರಬಿತ್ತು. "ನಿಮ್ಮ ಕೈ ನಡಗೂದು ನೋಡಿ ನನಗ ನಾಚಿಕಿ ಆಗ್ತಿತ್ರಿ, ಅಜ್ಜಾರ."

ಗುರುಗಳು ತಮ್ಮ ಎಡಗೈಯನ್ನು ಎತ್ತಿ ನೋಡಿಕೊಂಡರು. "ಹೂಂ. ನಡಗತೈತಿ," ಎಂದರು, ಬಿಸಿಲು ಏರಿತು ಎನ್ನುವ ಹಾಗೆ.

ಅವರು ಬೈದಿದ್ದರೆ ಕಲ್ಮೇಶನಿಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. "ಡಬ್ಬಿ ಇಟ್ಟದ್ದು ನಿಮಗ ಗೊತ್ತಾಗಲಿಲ್ಲೇನ್ರಿ?"

"ಮೊದಲನೇ ಸ್ವರಕ್ಕ ಗೊತ್ತಾತು."

"ಮತ್ತ ಅಷ್ಟೊತ್ತು ಯಾಕ ಕಾದ್ರಿ? ಒಂದ ಮಾತು ಹೇಳಿದ್ರ ಬಂದ್ ಮಾಡ್ತಿದ್ದೆ. ಮಂದಿ ಎಲ್ಲಾ ನಿಮಗ ಮರ್ತೈತಿ ಅಂದ್ರು."

ಗುರುಗಳು ಮೊಣಕಾಲಿಗೆ ಕೈ ಊರಿ ಎದ್ದರು. "ಡಬ್ಬಿ ತಗೊಂಡು ಬಾ," ಎಂದು ಮುಂದೆ ನಡೆದರು.

ಮಂಟಪ ಖಾಲಿಯಾಗಿತ್ತು. ಜಮಖಾನೆಗಳನ್ನು ಅರ್ಧ ಸುತ್ತಿ ಬಿಟ್ಟಿದ್ದರು. ಗುರುಗಳು ಎಲ್ಲವನ್ನೂ ಬೆಳಿಗ್ಗೆ ಇದ್ದ ಹಾಗೆಯೇ ಜೋಡಿಸಲು ಹೇಳಿದರು. ಕಲ್ಮೇಶ ಪೆಡಲ್ ಇಟ್ಟ, ತಿರುಗಣಿ ಕೊನೆಯ ತನಕ ತಿರುವಿದ, ಗುಂಡಿ ಒತ್ತಿದ, ಶಾಲು ಹೊದಿಸಿದ. ಪ್ರತಿಯೊಂದನ್ನೂ ಗುರುಗಳು ನೋಡುತ್ತ ನಿಂತಿದ್ದರು.

ಆಮೇಲೆ ಅವನನ್ನು ತಮ್ಮ ಜಾಗದಲ್ಲಿ ಕುಳಿತುಕೊಳ್ಳುವಂತೆ ಹೇಳಿದರು. ಅವನು ಹಿಂಜರಿದ. ಗುರುಗಳು ಗಿಟಾರನ್ನು ಅವನ ತೊಡೆಯ ಮೇಲಿಟ್ಟು, ತಾವು ಹಿಂದೆ ಹೋಗಿ ಅವನ ಜಾಗದಲ್ಲಿ ತಂಬೂರಿ ಹಿಡಿದು ಕುಳಿತರು.

"ಬಾರಿಸು. ಸ್ವರ ಅಡಗೂ ತನಕ ಕಾಯಿ."

ಕಲ್ಮೇಶ ಷಡ್ಜ ಮೀಟಿದ.

ಸ್ವರ ಮಂಟಪವನ್ನು ತುಂಬಿ ನಿಂತಿತು. ಅವನು ತಲೆ ಬಾಗಿಸಿ ಕಾದ. ಎದುರಿಗೆ ಯಾರೂ ಇರಲಿಲ್ಲ. ಆದರೂ ಸಾಲು ಸಾಲು ಕಣ್ಣು ತನ್ನನ್ನೇ ನೋಡುತ್ತಿರುವಂತೆ ಮುಖ ಸುಟ್ಟಿತು. ಎಂಥ ಹೊತ್ತಿನಲ್ಲಿ ಗುರುಗಳನ್ನು ಒಂಟಿಯಾಗಿ ಕೂರಿಸಿದ್ದೆ ಎಂಬುದು ಅವನಿಗೆ ಈಗ ತಿಳಿಯಿತು. ಸ್ವರ ಮುಗಿಯಲಿಲ್ಲ. ಸ್ವಲ್ಪ ಹೊತ್ತಿಗೆ ಅವನು ಸ್ವರವನ್ನು ಕೇಳುವುದನ್ನೇ ಬಿಟ್ಟ. ಅವನ ಕಿವಿ ಬೆನ್ನ ಹಿಂದೆ ಹೋಗಿತ್ತು.

ತಂಬೂರಿ ನಿಂತಿತು. ಶಾಲು ಸರಿದ ಸದ್ದಾಯಿತು.

ಕಲ್ಮೇಶ ತಿರುಗಿ ನೋಡಿದ. ಗುರುಗಳು ತಂಬೂರಿಯನ್ನು ಹೆಗಲಿಗೆ ಆನಿಸಿಕೊಂಡು, ನಡುಗುವ ಕೈಯನ್ನು ಪೆಡಲಿನ ಕಡೆ ಚಾಚಿದ್ದರು. ಬೆರಳು ಗುಂಡಿಯನ್ನು ಒಂದು ಸಲ ತಪ್ಪಿತು. ಎರಡನೇ ಸಲ ಒತ್ತಿತು.

ಟಕ್ ಎಂದಿತು. ಗುಂಗು ಅಲ್ಲಿಗೇ ನಿಂತಿತು.

ಗುರುಗಳು ಅಂದರು: "ಒಂದ ಮೊಳ ದೂರ ಐತಿ ನೋಡಪಾ. ಮುಂಜಾನೆ ನಾ ಇದನ್ನ ಕಾಯಾಕತ್ತಿದ್ದೆ."