ಹೊಂದದ ಒಂಬತ್ತು ಸಾಲು

"ಗುರುಗಳೇ, ಹೊಂದದ ಸಾಲನ್ನು ಏನು ಮಾಡಬೇಕು?" ಎಂದು ಶಿವಲೀಲಾ ಕೇಳಿದಳು.

ಅವಳು ಆಸ್ಪತ್ರೆಯೊಂದರಲ್ಲಿ ಲಸಿಕೆ ಇಡುವ ತಂಪುಕೋಣೆಯ ಲಾಗ್, ಅಂದರೆ ದಿನದ ದಾಖಲೆ, ನೋಡಿಕೊಳ್ಳುವವಳು. ಪರ್ವತಯ್ಯನವರ ಹತ್ತಿರ ಕಂಪ್ಯೂಟರಿನ ಸ್ಕ್ರಿಪ್ಟ್ ಬರೆಯುವುದನ್ನು ಕಲಿಯುತ್ತಿದ್ದಳು. ಅವಳು ಬರೆದ ಹೊಸ ಸ್ಕ್ರಿಪ್ಟು ಆ ಲಾಗಿನ ನಾಲ್ಕು ಸಾವಿರ ಸಾಲುಗಳನ್ನು ಎಡಿಟರಿನಲ್ಲಿ ಅಚ್ಚುಕಟ್ಟಾಗಿ ನಿಲ್ಲಿಸಿತ್ತು. ಹದಿನೇಳು ಸಾಲು ಮಾತ್ರ ಹೊಂದದೆ ಹೊರಗೆ ಚಾಚಿಕೊಂಡಿದ್ದವು.

"ಅಷ್ಟನ್ನು ತೆಗೆದುಬಿಟ್ಟರೆ ಚೆಂದ ಕಾಣುತ್ತದೆ" ಎಂದಳು.

ಪರ್ವತಯ್ಯ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. "ಚೆಂದಕ್ಕೇನು, ಚೆಂದವೇ ಕಾಣುತ್ತದೆ ಬಿಡು. ಕೂತುಕೋ ತಂಗಿ, ಒಂದು ಕತೆ ಕೇಳು" ಎಂದರು.

ಒಂದು ಊರಿನ ನೀರಿನ ಕಚೇರಿಯಲ್ಲಿ ಒಬ್ಬ ಗುಮಾಸ್ತನಿದ್ದ. ಅದೇ ಊರಿನಲ್ಲಿ ಒಬ್ಬ ನೀರುಗಂಟಿ ಇದ್ದ. ವಾಲ್ವು ತಿರುಗಿಸಿ ಓಣಿ ಓಣಿಗೆ ನೀರು ಬಿಡುವುದು ನೀರುಗಂಟಿಯ ಕೆಲಸ. ಬಿಟ್ಟಾದ ಮೇಲೆ ಟ್ಯಾಂಕಿನ ಕೋಣೆಯಲ್ಲಿದ್ದ ಕಂಪ್ಯೂಟರಿನಲ್ಲಿ ವಾಲ್ವಿಗೊಂದು ಸಾಲು ಬರೆಯಬೇಕು. ದಿನ, ಹೊತ್ತು, ನೀರಿನ ಮಟ್ಟ, ವಾಲ್ವಿನ ನಂಬರು, ಕೊನೆಗೆ ಷರಾ. ಐದು ಮನೆ, ನಡುವೆ ನಾಲ್ಕು ನಿಂತ ಗೆರೆ. ಬರೆಯಲು ಕಲಿಸಿದವನು ಈ ಗುಮಾಸ್ತನೇ. "ಒಂದು ವಿಷಯ ಮುಗಿದು ಇನ್ನೊಂದು ಶುರುವಾಗುವ ಮುಂಚೆ ಈ ಗೆರೆ ಹಾಕಬೇಕು, ಮರೆತೀಯ ಮತ್ತೆ! ಇನ್ನು ಮೇಲೆ ಕಚೇರಿಗೆ ಬಂದು ಬಾಯಲ್ಲಿ ಹೇಳುವುದು ಬೇಡ, ಏನಿದ್ದರೂ ಬರೆ" ಎಂದಿದ್ದ. ನೀರುಗಂಟಿ ಹೇಳಿದ ಮಾತು ಮೀರುವ ಮನುಷ್ಯನಲ್ಲ.

ಸಾಲುಗಳು ಕಚೇರಿಗೆ ಬಂದು ಬೀಳುತ್ತಿದ್ದವು. ಅಂಕಿ, ಅಕ್ಷರ, ಗೆರೆ ಒಂದಕ್ಕೊಂದು ಅಂಟಿಕೊಂಡು ಕಣ್ಣಿಗೆ ಹತ್ತುತ್ತಿರಲಿಲ್ಲ. ಅಧಿಕಾರಿ ನೋಡಿ ಮುಖ ಸಿಂಡರಿಸಿದ. ಗುಮಾಸ್ತ ಜಾಣ. ಎಡಿಟರಿನಲ್ಲೇ ಓಡುವ ಒಂದು ಸ್ಕ್ರಿಪ್ಟು ಬರೆದ. ಅದು ಪ್ರತಿ ಸಾಲನ್ನೂ ಗೆರೆ ಇದ್ದಲ್ಲಿ ಬಿಡಿಸುತ್ತಿತ್ತು, ಪ್ರತಿ ಮನೆಯಲ್ಲಿ ಎಲ್ಲಕ್ಕಿಂತ ಉದ್ದದ ಮಾತು ಯಾವುದೆಂದು ಅಳೆಯುತ್ತಿತ್ತು, ಗಿಡ್ಡ ಮಾತಿನ ಪಕ್ಕಕ್ಕೆ ಖಾಲಿ ಜಾಗ ತುಂಬಿ ಗೆರೆಯ ಕೆಳಗೆ ಗೆರೆ ಬರುವಂತೆ ನಿಲ್ಲಿಸುತ್ತಿತ್ತು. ಮಗ್ಗಿ ಪುಸ್ತಕದ ಹಾಗೆ ಕಂಡಿತು. ಅಧಿಕಾರಿ "ಭೇಷ್!" ಎಂದ.

ಆಮೇಲೆ ಒಂದೊಂದು ಸಾಲು ಕಾಟ ಕೊಡತೊಡಗಿತು. ನಾಲ್ಕು ಗೆರೆ ಇರಬೇಕಾದಲ್ಲಿ ಏಳು, ಎಂಟು. ಅಂಥ ಒಂದೇ ಒಂದು ಸಾಲು ಬಂದರೂ ಇಡೀ ಹಾಳೆ ಕೆಡುತ್ತಿತ್ತು. ಬರೆಯಲು ಬಾರದವನು ಏನೋ ಒತ್ತಿದ್ದಾನೆ ಅಂದುಕೊಂಡ ಗುಮಾಸ್ತ. ಸ್ಕ್ರಿಪ್ಟಿಗೆ ಇನ್ನೆರಡು ಮಾತು ಸೇರಿಸಿದ: ಗೆರೆ ಹೆಚ್ಚಿದ್ದರೆ ಆ ಸಾಲು ಬೇರೆ ಫೈಲಿಗೆ ಹೋಗಲಿ. ಹೋಯಿತು. ಹಾಳೆ ಮತ್ತೆ ನೆಟ್ಟಗಾಯಿತು, ಅವನೂ ಆ ಫೈಲನ್ನು ಮರೆತ.

ಹತ್ತು ದಿನ ಕಳೆದಿರಲಿಲ್ಲ, ಮೂರನೇ ವಾಲ್ವಿನ ಓಣಿಯಲ್ಲಿ ವಾಂತಿ ಭೇದಿ ಶುರುವಾಯಿತು. ಮನೆಗೊಬ್ಬರಂತೆ ಮಲಗಿದರು. ನೆಲ ಅಗೆದು ನೋಡಿದರೆ ಪೈಪು ಒಡೆದು ಚರಂಡಿಯ ನೀರು ಸೇರುತ್ತಿತ್ತು. ಅಧಿಕಾರಿ ನೀರುಗಂಟಿಯನ್ನು ಕರೆಸಿ, "ಇಷ್ಟು ದಿನ ಕಣ್ಣು ಮುಚ್ಚಿಕೊಂಡಿದ್ದೆಯಾ? ಯಾಕೆ ಹೇಳಲಿಲ್ಲ?" ಎಂದು ರೇಗಿದ.

"ಬರೆದಿದ್ದೆ ಸ್ವಾಮಿ. ದಿನಾ ಬರೆದಿದ್ದೆ."

ಗುಮಾಸ್ತ ಹಾಳೆ ತೆರೆದ. ಅಧಿಕಾರಿ ಬೆರಳಿಟ್ಟು ಹುಡುಕಿದ. ಒಂದನೇ ವಾಲ್ವು ಇತ್ತು, ಎರಡನೆಯದು ಇತ್ತು, ನಾಲ್ಕನೆಯದೂ ಇತ್ತು. ಒಂಬತ್ತು ದಿನ ಮೂರನೆಯದು ಇರಲೇ ಇಲ್ಲ. "ಹೇಳುವುದಿರಲಿ, ನೀನು ಆ ವಾಲ್ವಿಗೆ ಸಾಲೇ ಬರೆದಿಲ್ಲವಲ್ಲಯ್ಯ!" ಎಂದ. ನೀರುಗಂಟಿ ಬಗ್ಗಿ ತನ್ನ ಸಾಲುಗಳನ್ನು ತಾನೇ ಹುಡುಕಿದ. ಮೇಲಿನಿಂದ ಕೆಳಗೆ ಎರಡು ಸಲ ನೋಡಿದ. ಅವನ ಮುಖ ಬಿಳಿಚಿಕೊಂಡಿತು. "ಹಾಗಾದರೆ ನಾನೇ ಮರೆತಿದ್ದೇನೆ" ಎಂದ.

ಗುಮಾಸ್ತನಿಗೆ ಆ ಬೇರೆ ಫೈಲು ಆಗ ನೆನಪಾಯಿತು. ಬಾಯಿ ಬಿಡಲಿಲ್ಲ. ಮೊದಲು ನೋಡಿಕೊಂಡು ಆಮೇಲೆ ಹೇಳೋಣ ಎಂದು ತನಗೆ ತಾನೇ ಸಮಾಧಾನ ಮಾಡಿಕೊಂಡ. ಅಷ್ಟರಲ್ಲಿ ನೀರುಗಂಟಿಯನ್ನು ಕೆಲಸದಿಂದ ತೆಗೆದಾಗಿತ್ತು.

ಎಲ್ಲರೂ ಹೋದ ಮೇಲೆ ಫೈಲು ತೆರೆದ. ಒಂಬತ್ತು ಸಾಲು ಇದ್ದವು, ಒಂಬತ್ತೂ ಮೂರನೇ ವಾಲ್ವಿನವು. ಷರಾದಲ್ಲಿ ಹೀಗಿತ್ತು: ಪೈಪು ಒಡೆದಿದೆ, ಒಂದು ಗೆರೆ. ಚರಂಡಿ ನೀರು ಸೇರುತ್ತಿದೆ, ಒಂದು ಗೆರೆ. ನೀರು ನಾರುತ್ತಿದೆ, ಒಂದು ಗೆರೆ. ಬಿಡಲೋ ಬೇಡವೋ ತಿಳಿಸಿ. ಹೇಳುವುದೇನೂ ಇಲ್ಲದ ದಿನ ಅವನ ಸಾಲು ನೆಟ್ಟಗಿತ್ತು. ಹೇಳುವುದು ಬಹಳ ಇದ್ದ ದಿನ, ಕಲಿಸಿದಂತೆಯೇ, ವಿಷಯಕ್ಕೊಂದು ಗೆರೆ ಹಾಕಿದ್ದ. ಗುಮಾಸ್ತನಿಗೆ ನಾಚಿಕೆಯಾಯಿತು. ಕೋಣೆಯಲ್ಲಿ ಯಾರೂ ಇರಲಿಲ್ಲ, ಆದರೂ ಮುಖ ಎತ್ತಲಾಗಲಿಲ್ಲ.

ಹಾಗಂತ ಆಗಲೇ ಓಡಿಹೋಗಿ ಹೇಳಿದನೇ? ಎಲ್ಲಿಯ ಮಾತು! ಭೇಷ್ ಅನ್ನಿಸಿಕೊಂಡವನಿಗೆ ಅದು ಸುಲಭವಲ್ಲ ತಂಗಿ. ಆ ಒಂಬತ್ತು ಸಾಲನ್ನು ಕಾಗದದ ಮೇಲೆ ಅಚ್ಚು ತೆಗೆದು, ನಾಲ್ಕು ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿದ. ಊಟ ರುಚಿಸಲಿಲ್ಲ. ಐದನೆಯ ದಿನ ನೀರುಗಂಟಿಯ ಮನೆಗೆ ಹೋದ.

ನೀರುಗಂಟಿ ಚಾಪೆ ಹಾಸಿ ಕೂರಿಸಿದ. ಚೊಂಬು ತಂದಿಟ್ಟು, "ಕುಡಿಯಿರಿ ಸ್ವಾಮಿ, ಕಾಯಿಸಿ ಆರಿಸಿದ್ದು" ಎಂದ. ಅಂದಿನಿಂದ ಆ ಓಣಿಯ ಕಡೆ ಹೆಜ್ಜೆ ಇಟ್ಟಿಲ್ಲ, ಜನರ ಮುಖ ನೋಡಲಾಗುವುದಿಲ್ಲ ಎಂದ. ಗುಮಾಸ್ತ ಚೊಂಬನ್ನು ಮುಟ್ಟದೆ ಕಾಗದ ತೆಗೆದು ಕೈಗೆ ಕೊಟ್ಟ. ನೀರುಗಂಟಿ ತುಟಿ ಅಲ್ಲಾಡಿಸುತ್ತ ಒಂಬತ್ತೂ ಸಾಲು ಓದಿದ.

"ಅಯ್ಯೋ ಶಿವನೇ, ಬರೆದಿದ್ದೆ ಹಾಗಾದರೆ" ಎಂದ. ಅವನ ಕಣ್ಣು ತುಂಬಿತು. ಆಮೇಲೆ ಅಂಜುತ್ತ ಕೇಳಿದ: "ಗೆರೆ ಹೆಚ್ಚು ಹಾಕಿದ್ದು ನನ್ನ ತಪ್ಪೇ ಸ್ವಾಮಿ?"

ಅವನು ಬೈದಿದ್ದರೆ ಗುಮಾಸ್ತ ತಡೆದುಕೊಳ್ಳುತ್ತಿದ್ದ. ಆ ಮಾತು ಮಾತ್ರ ತಡೆಯಲಾಗಲಿಲ್ಲ. "ತಪ್ಪು ನನ್ನದು" ಎಂದು ಎದ್ದವನೇ ನೆಟ್ಟಗೆ ಅಧಿಕಾರಿಯ ಬಳಿಗೆ ಹೋಗಿ ಎಲ್ಲವನ್ನೂ ಹೇಳಿದ. ನೀರುಗಂಟಿಗೆ ಕೆಲಸ ಮರಳಿ ಸಿಕ್ಕಿತು. ಗುಮಾಸ್ತನ ನಾಚಿಕೆ ಹೋಗಲಿಲ್ಲ.

ಕತೆ ಮುಗಿಸಿ ಪರ್ವತಯ್ಯ ಕನ್ನಡಕ ಹಾಕಿಕೊಂಡರು.

ಶಿವಲೀಲಾ ತಲೆಯಾಡಿಸಿ, "ತಿಳಿಯಿತು ಗುರುಗಳೇ. ಹದಿನೇಳು ಸಾಲನ್ನು ಅಳಿಸುವುದಿಲ್ಲ, ಬೇರೆ ಫೈಲಿನಲ್ಲಿ ಜೋಪಾನವಾಗಿ ಇಡುತ್ತೇನೆ" ಎಂದಳು.

"ಅವನೂ ಇಟ್ಟಿದ್ದ ತಂಗಿ, ಆ ಹದಿನೇಳರಲ್ಲಿ ಏನು ಬರೆದಿದೆ, ಅದನ್ನು ಹೇಳು" ಎಂದರು ಪರ್ವತಯ್ಯ.

ಒಂದನ್ನೂ ಓದಿರದ ಶಿವಲೀಲಾ ಎಡಿಟರಿನತ್ತ ತಿರುಗಿ ಮೊದಲನೆಯ ಸಾಲಿನಿಂದ ಓದತೊಡಗಿದಳು.