ಕುರಿ ಮೆಲುಕು ಹಾಕುವ ತನಕ

ಹೊಳೆಯ ದಂಡೆಯಲ್ಲಿ ಒಂದು ಮಠ. ಮಠ ಅಂದಕೂಡಲೇ ಗೋಪುರ, ಗಂಟೆ ಅಂತೆಲ್ಲ ಊಹಿಸಿಕೊಳ್ಳಬೇಡಿ. ಎರಡು ಕೋಣೆ, ಒಂದು ಕಟ್ಟೆ, ನಲವತ್ತು ಕುರಿ. ಅಷ್ಟೇ.

ಅಲ್ಲಿನ ಗುರು ರೇವಣಜ್ಜ. ಅರ್ಧ ಆಯುಷ್ಯ ಕುರಿ ಕಾಯ್ದವರು. ಉಪದೇಶ ಕೇಳಲು ಬಂದವರ ಕೈಗೆ ಮೊದಲು ಕಸಬರಿಗೆ ಕೊಟ್ಟು ಹಿಕ್ಕೆ ಗುಡಿಸಲು ಹೇಳುತ್ತಿದ್ದರು. ಅರ್ಧ ಜನ ಅಲ್ಲಿಂದಲೇ ವಾಪಸು. ಒಳ್ಳೆಯದೇ ಆಯಿತು ಬಿಡಿ, ಮಠದಲ್ಲಿ ಜಾಗ ಎಲ್ಲಿತ್ತು?

ಗುಡಿಸಿ ಉಳಿದವರಲ್ಲಿ ಮಾಳಪ್ಪ ಒಬ್ಬ. ಕುರುಬರ ಮನೆಯವನು. ಮಠದಲ್ಲೇ ಉಂಡು, ಓದಿ, ಕುರಿ ಡಾಕ್ಟರ್ ಆಗಿದ್ದ.

ಒಂದು ಭಾನುವಾರ ಮಾಳಪ್ಪ ಮನೆಮಂದಿಯನ್ನೆಲ್ಲ ಕರೆದುಕೊಂಡು ಬಂದ. ಹೆಂಡತಿ ಲಗಮವ್ವ, ತಾಯಿ ಹೊನ್ನವ್ವ, ಎಂಟು ವರ್ಷದ ಮಗಳು ಪಾರು.

"ಅಜ್ಜಾರ, ಆಶೀರ್ವಾದ ಮಾಡ್ರಿ. ಕಡಲಾಚೆ ದೇಶದಾಗ ನೌಕರಿ ಸಿಕ್ಕೈತ್ರಿ. ಅಲ್ಲಿ ಮನಶ್ಯಾರಕಿಂತ ಕುರಿನ ಹೆಚ್ಚು."

"ಭಾಳ ಚೊಲೊ ಆತು. ಮನಿಮಂದಿ ಎಲ್ಲಾ ಹೊಂಟೀರೇನು?"

ಮಾಳಪ್ಪ ತಾಯಿಯ ಕಡೆ ನೋಡಿದ.

ಉತ್ತರ ಕೊಟ್ಟವಳು ಹೊನ್ನವ್ವ. "ನಾ ಹೋಗಂಗಿಲ್ರಿ ಅಜ್ಜಾರ. ಬಾಯಿ ಇದ್ದೂ ಮೂಕಿ ಆಗಿ ಕುಂದ್ರಾಕ ಯಾಕ ಹೋಗ್ಲಿ?"

"ಅತ್ತಿನ ಬಿಟ್ಟು ನಾ ಹೋಗಂಗಿಲ್ರಿ," ಅಂದಳು ಲಗಮವ್ವ.

"ಅವ್ವನ ಬಿಟ್ಟು ನಾನೂ ಇಲ್ಲ," ಅಂದಳು ಪಾರು.

"ನೋಡ್ರಿ ಅಜ್ಜಾರ!" ಮಾಳಪ್ಪ ಅಳುವುದೊಂದು ಬಾಕಿ. "ಇವರ ಸಲುವಾಗಿ ಹದಿನೈದು ದಿನ ಅಲ್ಲಿ ತಿರುಗಿ ಬಂದೀನಿ. ಮೂರು ಊರು ತೋರಿಸ್ಯಾರ. ಬೇಕಾದ ಊರಾಗ ಮನಿ ಕೊಡ್ತಾರಂತ. ಗುರುವಾರದೊಳಗ ಯಾವ ಊರು ಅಂತ ಹೇಳಬೇಕು. ಇಲ್ಲಂದ್ರ ನೌಕರಿ ಬ್ಯಾರೇದವ್ರಿಗೆ ಹೋಕ್ಕೈತಿ. ಒಬ್ಬನ ಹೋಗಿ ಏನ ಮಾಡ್ಲಿ? ಗ್ವಾಡಿ ನೋಡಿಕೋಂತ ಉಣ್ಲೇನು?"

ಕಿಸೆಯಿಂದ ಒಂದು ಕಾಗದ ತೆಗೆದ. ಗೆರೆ ಎಳೆದು ಪಟ್ಟಿ ಮಾಡಿದ್ದ. ಸಾಲಿ, ದವಾಖಾನಿ, ರಸ್ತೆ, ನೀರು, ಅಂಗಳ, ಬಸ್ಸು. ಒಂದೊಂದಕ್ಕೂ ಮಾರ್ಕು.

"ಮೊದಲನೇ ಊರಿಗೆ ತೊಂಬತ್ತೊಂದು. ಎರಡನೇದಕ್ಕ ಎಪ್ಪತ್ತೆಂಟು. ಮೂರನೇದು ನಲವತ್ತೆರಡು, ನಪಾಸು. ನೀವು ಒಂದ ಮಾತು ಹೇಳ್ರಿ, ಮೊದಲನೇ ಊರು ಚೊಲೊ ಐತಿ ಅಂತ. ನಿಮ್ಮ ಮಾತಿಗೆ ಇವರು ಹೂಂ ಅಂತಾರ."

ಅಜ್ಜ ಕಾಗದ ತೆಗೆದುಕೊಂಡು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಗಿಸಿಕೊಂಡರು.

"ನನ್ನದೊಂದು ಕೆಲಸ ಐತಿ. ಮಠದ ಕುರಿ ಹಟ್ಟಿ ಕೆಸರಾಗೈತಿ. ಹೊಸಾ ಜಾಗಾ ಆರಿಸಿ ಕೊಡು. ಬುಧವಾರತನಾ ವ್ಯಾಳ್ಯಾ. ಆಮ್ಯಾಲ ನಿನ್ನ ಊರಿನ ಮಾತು."

"ಇಷ್ಟ ಏನ್ರಿ? ಸಂಜೀಕ ಮುಗಸ್ತೀನಿ!"

ಮುಗಿಸಿಯೂ ಬಿಟ್ಟ. ಹೊಳೆಗೆ ಹತ್ತಿರದಲ್ಲೇ ಒಂದು ತಗ್ಗು. ಮೊಣಕಾಲೆತ್ತರ ಹುಲ್ಲು, ಹತ್ತು ಹೆಜ್ಜೆಗೆ ನೀರು, ಬೀಸುಗಾಳಿಗೆ ದಿಬ್ಬದ ಮರೆ. ಮುಳ್ಳಿನ ಬೇಲಿ ಹಾಕಿ, ನಲವತ್ತೂ ಕುರಿಯನ್ನು ಒಳಗೆ ಬಿಟ್ಟು, ಕೈ ಒರೆಸಿಕೊಂಡ. ಕುರಿಗಳು ಹುಲ್ಲಿಗೆ ಬಿದ್ದವು.

"ನೂರಕ್ಕ ನೂರು," ಅಂದ ಮಾಳಪ್ಪ.

ಅಜ್ಜ ಕುರಿಗಳನ್ನೊಮ್ಮೆ ನೋಡಿ ಮಠಕ್ಕೆ ಹೋದರು.

ಸೋಮವಾರ ಮಧ್ಯಾಹ್ನ ನೋಡಿದರೆ ಕುರಿಗಳೆಲ್ಲ ನಿಂತಿದ್ದವು. ಹೊಟ್ಟೆ ತುಂಬಿತ್ತು. ಆದರೂ ಒಂದೂ ಕೂತಿರಲಿಲ್ಲ.

ಮಾಳಪ್ಪ ನಾಲಿಗೆ ನೋಡಿದ, ಗೊರಸು ನೋಡಿದ. ನಲವತ್ತು ಕುರಿಗೂ ಒಂದೊಂದಾಗಿ ಜ್ವರ ನೋಡಿದ. ಯಾವುದಕ್ಕೂ ಏನೂ ಇಲ್ಲ.

ಮಂಗಳವಾರವೂ ಅದೇ ಹಾಡು. ಬೇಲಿಗೆ ಮುಖ ಕೊಟ್ಟು ನಿಂತೇ ಇದ್ದವು. ಹಾಲು ಕಡಿಮೆಯಾಯಿತು. ಮರಿಗಳು ಬ್ಯಾ ಬ್ಯಾ ಅಂತ ಒಂದೇ ಸಮ ಗೋಳಾಡಿದವು.

"ಅಜ್ಜಾರ, ನಿಮ್ಮ ಕುರಿಗೆ ಸೊಕ್ಕು."

"ಇದ್ದೀತು. ನೀ ಡಾಕ್ಟರ, ಔಷಧಿ ಕೊಡು."

"ಸೊಕ್ಕಿಗೆ ಔಷಧಿ ಇಲ್ರಿ."

"ಅಯ್ಯ, ಇಷ್ಟು ಓದಿದಿ!"

ಬುಧವಾರ ಲಗಮವ್ವ ಬುತ್ತಿ ತಂದಳು. ಹಿಂದೆ ಅತ್ತೆ, ಪಾರು. ಮಾಳಪ್ಪನ ಮುಖ ಹುಳ್ಳಗಾಗಿತ್ತು. ಬುತ್ತಿ ಬಿಚ್ಚಿದರೂ ಕೈ ಹಾಕಲಿಲ್ಲ.

ಲಗಮವ್ವ ಬೇಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತಳು. ಕುರಿಗಳನ್ನು ನೋಡಿದಳು. ಅವಳಿಗೇನೂ ಅವಸರವಿರಲಿಲ್ಲ.

"ಇವು ಯಾರರ ಬರ್ತಾರೇನು ಅಂತ ನೋಡಾಕತ್ತಾವ," ಅಂದಳು. "ಈ ತಗ್ಗಿನಾಗ ನಿಂತ್ರ ಏನೂ ಕಾಣಂಗಿಲ್ಲ. ಯಾರ ಸಪ್ಪಳಾನೂ ಕೇಳಂಗಿಲ್ಲ. ನನಗ ಕುಂದ್ರಾಕ ಒಂಥರಾ ಆಗಾಕತ್ತೈತಿ, ಪಾಪ ಅವಕ್ಕ ಹ್ಯಾಂಗಾಗಬ್ಯಾಡ?"

ಎದ್ದವಳೇ ಮುಳ್ಳು ಸರಿಸಿದಳು.

"ಏ, ಏ! ಏನ ಮಾಡಾಕತ್ತಿ?"

ಮಾಳಪ್ಪ ಕೂಗುವಷ್ಟರಲ್ಲಿ ಮೋಟುಕಿವಿಯ ಹಿರಿಕುರಿ ಹೊರಗೆ ಬಂದಾಗಿತ್ತು. ಅದರ ಹಿಂದೆ ಉಳಿದ ಮೂವತ್ತೊಂಬತ್ತು. ನೀರಿನ ಕಡೆ ಹೋಗಲಿಲ್ಲ, ಹುಲ್ಲಿನ ಕಡೆಯೂ ಹೋಗಲಿಲ್ಲ. ನೆಟ್ಟಗೆ ದಿಬ್ಬ ಹತ್ತಿದವು.

ದಿಬ್ಬದ ಮೇಲೆ ಬರೀ ಗರಸು ಮಣ್ಣು, ಒಂದು ಬನ್ನಿ ಗಿಡ. ಮಾಳಪ್ಪನ ಪಟ್ಟಿಯಲ್ಲಾದರೆ ಅದಕ್ಕೆ ಸೊನ್ನೆ. ಆದರೆ ಅಲ್ಲಿಂದ ನಾಲ್ಕೂ ದಿಕ್ಕು ಕಾಣುತ್ತಿತ್ತು. ಆಚೆ ಹೊಲದಲ್ಲಿ ಮೇಯುತ್ತಿದ್ದ ಬೇರೆ ಹಿಂಡಿನ ಗಂಟೆ ಕೇಳುತ್ತಿತ್ತು.

ಹಿರಿಕುರಿ ಗಾಳಿಗೆ ಮೂಗು ಕೊಟ್ಟಿತು. ಮುಂಗಾಲು ಮಡಚಿತು. ಕೂತಿತು.

ಒಂದೊಂದಾಗಿ ಎಲ್ಲವೂ ಕೂತವು. ಸ್ವಲ್ಪ ಹೊತ್ತಿಗೆ ಕರುಂ ಕರುಂ ಅಂತ ಸಣ್ಣ ಸದ್ದು. ನಲವತ್ತು ಬಾಯಿ ಮೆಲುಕು ಹಾಕುತ್ತಿದ್ದವು. ಪಾರು ಚಪ್ಪಾಳೆ ತಟ್ಟಿ ಕುಣಿದಳು.

ಹೊನ್ನವ್ವ ಮಗನ ಕಡೆ ತಿರುಗಿದಳು. "ನಿಮ್ಮಪ್ಪ ಹಟ್ಟಿಗೆ ಜಾಗಾ ಹ್ಯಾಂಗ ಆರಸ್ತಿದ್ದ, ನೆನಪೈತೇನೋ?"

ಮಾಳಪ್ಪನಿಗೆ ನೆನಪಿತ್ತು. ಹೊಸ ಊರಿಗೆ ಹಿಂಡು ಹೊಡೆದುಕೊಂಡು ಹೋದಾಗಲೆಲ್ಲ ಅಪ್ಪ ಕುರಿಯನ್ನು ಸುಮ್ಮನೆ ಬಿಟ್ಟು ಕಂಬಳಿ ಹಾಸಿ ಮಲಗುತ್ತಿದ್ದ. ಕುರಿ ಕೂತು ಮೆಲುಕು ಹಾಕುವ ತನಕ ಒಂದು ಮುಳ್ಳೂ ನೆಡುತ್ತಿರಲಿಲ್ಲ. ಕುರುಬರ ಮನೆಯಲ್ಲಿ ಅದನ್ನು ಯಾರೂ ಹೇಳಿಕೊಡುವುದಿಲ್ಲ, ಎಲ್ಲರಿಗೂ ಗೊತ್ತು. ಇವನು ಬೇಲಿ ಮೊದಲು ಹಾಕಿದ್ದ, ಕುರಿ ಆಮೇಲೆ.

"ಓದು ಒಕ್ಕಾಲು, ಬುದ್ಧಿ ಮುಕ್ಕಾಲು," ಅಂದಳು ಹೊನ್ನವ್ವ. ತಾಯಿ ಅಂದಮೇಲೆ ಅಷ್ಟಾದರೂ ಅನ್ನಬೇಡವೇ?

ಅಷ್ಟರಲ್ಲಿ ಅಜ್ಜ ಕೋಲೂರಿಕೊಂಡು ದಿಬ್ಬ ಹತ್ತಿ ಬಂದರು.

"ಜಾಗಾ ಸಿಕ್ತು?"

"ಸಿಕ್ತ್ರಿ," ಅಂದ ಮಾಳಪ್ಪ, ತಲೆ ತಗ್ಗಿಸಿ. "ಆದ್ರ ನಾ ಹುಡುಕಿದ್ದಲ್ರಿ."

"ಮೇಯೂದು ಎಲ್ಲಿ ಬಿಟ್ರೂ ಮೇಯತಾವಪಾ. ಹೊಟ್ಟಿ ಪಾಡು. ಮೆಲಕು ಹಾಕೂದು ಮಾತ್ರ ಜೀವಕ್ಕ ಹಗುರ ಅನಿಸಿದಲ್ಲೆ."

ಲಗಮವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. "ಹಂಗಾರ ನಾವೂ ಕುರಿ ಏನ್ರಿ ಅಜ್ಜಾರ?"

"ಅಲ್ಲಬೇ ಮಗಳ. ನಿನ್ನ ಗಂಡಗ ತಿಳಿಯೂದು ಕುರಿ ಭಾಷಾ ಒಂದ. ಅದಕ್ಕ ಆ ಭಾಷಾದಾಗ ಹೇಳಿದ್ನಿ. ಈಗ ನೀ ಕೇಳು, ಏನು ಕೇಳೂದೈತಿ."

ಅವಳು ಗಂಡನ ಎದುರು ಕೂತಳು. ಇಷ್ಟು ದಿನ ಅವಳನ್ನು ಯಾರೂ ಏನೂ ಕೇಳಿರಲಿಲ್ಲ, ನೋಡಿ.

"ಆ ತೊಂಬತ್ತೊಂದು ಮಾರ್ಕಿನ ಊರಾಗ ಬಾಗಲಾ ತಗದ್ರ ಯಾರ ಕಾಣ್ತಾರ್ರಿ?"

"ಯಾರೂ ಕಾಣಂಗಿಲ್ಲ. ದೊಡ್ಡ ದೊಡ್ಡ ಗೇಟು ಅದಾವ."

"ಬಾಜೂ ಮನಿಯವ್ರು?"

"ನೋಡಲಿಲ್ಲ."

"ಮಕ್ಕಳು?"

"ಎಲ್ಲಾ ಕಾರಿನಾಗ ಹೋಕ್ಕಾವ."

"ಅಲ್ಲಿ ಅತ್ತಿ ಮುಂಜಾನಿಂದ ಸಂಜೀತನಾ ಯಾರ ಮಾರಿ ನೋಡಬೇಕು?"

ಮಾರ್ಕು ಹಾಕುವಾಗ ಅದಕ್ಕೊಂದು ಗೆರೆ ಎಳೆಯುವುದು ಮಾಳಪ್ಪನಿಗೆ ಹೊಳೆದೇ ಇರಲಿಲ್ಲ.

ಅಜ್ಜ ಸೊಂಟದಿಂದ ಕಾಗದ ತೆಗೆದರು. ಕಣ್ಣಿಗೆ ಹತ್ತಿರ ಹಿಡಿದು ಓದಿದರು.

"ಇಲ್ಲಿ ನಪಾಸಾದ ಊರಿಗೆ, ಬಸ್ಸಿನ ಮುಂದ ಸೊನ್ನಿ ಹಾಕೀಯಲ್ಲ, ಯಾಕ?"

"ಆ ಊರಿಗೆ ಬಸ್ಸು ದಿನಕ್ಕ ಎರಡ ರೀ. ನನಗ ಒಂದು ತಪ್ಪಿತು."

"ತಡಾ ಮಾಡಿ ಹೋದ್ಯೇನು?"

"ಇಲ್ರಿ, ಮೊದಲ ಹೋಗಿದ್ನಿ."

"ಮತ್ತ ಹ್ಯಾಂಗ ತಪ್ಪಿತು?"

ಮಾಳಪ್ಪ ಕಿವಿ ತುರಿಸಿಕೊಂಡ. ಮುಖ ಕೆಂಪೇರಿತು.

"ಹೇಳಲೇ!" ಅಂದಳು ಹೊನ್ನವ್ವ.

"ಬಸ್ಸು ನಿಂದ್ರೂ ಕಡೆ ಒಂದು ಕಟ್ಟಿಗಿ ಬಾಕು ಇತ್ತು. ಅಲ್ಲಿ ಒಬ್ಬಾಕಿ ಮುದುಕಿ ಕುಂತಿದ್ಲು. ಕದಿರು ತಿರುಗಿಸಿ ಉಣ್ಣಿ ನೂಲಾಕತ್ತಿದ್ಲು."

"ಉಣ್ಣಿ?" ಹೊನ್ನವ್ವ ಸೆಟೆದು ಕೂತಳು. "ಕೈಯಾಗ?"

"ಹೂಂ. ಸಾಲಿ ಬಿಟ್ಟಿತ್ತು. ಹುಡುಗ್ರು ನಡಕೋಂತ ಬಂದ್ರು. ಒಬ್ಬ ಹುಡುಗಿ ಕೈಯಾಗ ಕಾಲು ಮುರಿದ ಕುರಿಮರಿ. ನಾ ಅದರ ಕಾಲಿಗೆ ಪಟ್ಟಿ ಕಟ್ಟಿದ್ನಿ. ಮುದುಕಿ ಚಾ ತಂದ್ಲು. ಆಕಿ ಏನೋ ಅಂದ್ಲು, ನಾ ಏನೋ ಅಂದ್ನಿ. ಒಂದಕ್ಷರ ತಿಳೀಲಿಲ್ಲ. ಇಬ್ರೂ ನಕ್ವಿ."

"ಬಸ್ಸು?" ಅಂದರು ಅಜ್ಜ.

"ಬಂತ್ರಿ."

"ಆಮ್ಯಾಲ?"

"ಹೋತ್ರಿ. ನನ್ನ ಕಣ್ಣ ಮುಂದ ಹೋತು." ಮಾಳಪ್ಪನ ದನಿ ಸಣ್ಣದಾಯಿತು. "ನನಗ ಏಳಾಕ ಮನಸಾಗಲಿಲ್ಲ."

ಕುರಿಗಳ ಕರುಂ ಕರುಂ ಒಂದೇ ಕೇಳುತ್ತಿತ್ತು.

ಮಾಳಪ್ಪ ತಟ್ಟನೆ ತಲೆ ಎತ್ತಿದ. ಕುರಿಗಳನ್ನು ನೋಡಿದ. ಅಜ್ಜನ ಕೈಯಲ್ಲಿದ್ದ ಕಾಗದ ನೋಡಿದ.

"ಅಯ್ಯೋ ನನ್ನ ಶಿವನ! ಅದಕ್ಕ ನಾ ಸೊನ್ನಿ ಕೊಟ್ಟೀನಲ್ರೀ!"

ಅಜ್ಜ ಹೊಟ್ಟೆ ಹಿಡಿದುಕೊಂಡು ನಕ್ಕರು.

ಹೊನ್ನವ್ವ ನಗಲಿಲ್ಲ. ಅವಳ ತಲೆಯಲ್ಲಿ ಬೇರೆಯೇ ಓಡುತ್ತಿತ್ತು. "ಆ ಮುದುಕಿ ಎಳಿ ದಪ್ಪ ತಗೀತಿದ್ಲೋ, ಸಣ್ಣಾಗೋ?"

"ದಪ್ಪ, ಬೇ. ಅಲ್ಲಲ್ಲೆ ಗಂಟೂ ಇದ್ದುವು."

"ಗಂಟು?" ಹೊನ್ನವ್ವ ನಾಲಿಗೆ ಲೊಚಗುಟ್ಟಿದಳು. "ಆ ವಯಸಿನಾಕಿ ಎಳಿ ಗಂಟು ಬೀಳಸ್ತಾಳಂದ್ರ ಆಕಿಗಿ ಯಾರೂ ಸರಿಯಾಗಿ ಹೇಳಿಕೊಟ್ಟಿಲ್ಲ." ಎದ್ದು ಸೀರೆ ಝಾಡಿಸಿಕೊಂಡಳು. "ಲಗಮೀ, ನನ್ನ ಕದಿರು ಗಂಟಿನಾಗ ಕಟ್ಟಬೇಕು. ಮರೆತೀ, ಮತ್ತ."

ಲಗಮವ್ವ ಅತ್ತೆಯ ಕೈ ಹಿಡಿದುಕೊಂಡಳು. ಅವಳ ಕಣ್ಣಲ್ಲಿ ನೀರು ಬಂತು. ಪಾರು ಕುರಿಮರಿಯ ಹೆಸರೇನು ಅಂತ ಅಪ್ಪನ ಬೆನ್ನು ಬಿದ್ದಳು.

ಮಾಳಪ್ಪ ಗುರುವಿನ ಕಾಲಿಗೆ ಬಿದ್ದ. ಅಜ್ಜ ಅವನ ಪಟ್ಟಿಯನ್ನು ಸಣ್ಣಗೆ ಹರಿದು ಗಾಳಿಗೆ ತೂರಿದರು. ಒಂದು ತುಂಡನ್ನು ಹಿರಿಕುರಿ ತಿಂದೇ ಬಿಟ್ಟಿತು.

ಅದೇ ದಿನ ಸಂಜೆ ಮೂರನೇ ಊರು ಅಂತ ಉತ್ತರ ಹೋಯಿತು. ಮುಂದಿನ ತಿಂಗಳು ನಾಲ್ವರೂ ಹೊರಟರು.

ಎರಡು ವರ್ಷ ಆದಮೇಲೆ ನಾಲ್ವರೂ ರಜೆಗೆ ಬಂದರು. ಬಂದವರು ನೆಟ್ಟಗೆ ಮಠಕ್ಕೇ ಬಂದರು. ಮಾಳಪ್ಪ ಕಟ್ಟೆ ಹತ್ತುವ ಮೊದಲೇ ಕೂಗಿದ.

"ಗೆದ್ವಿ ಅಜ್ಜಾರ! ಗೆದ್ವಿ!"

"ಯಾರ ಜೋಡಿ ಬಡದಾಡಿದ್ರಪಾ?"

"ಅವ್ವನ್ನ ಕೇಳ್ರಿ!"

ಹೊನ್ನವ್ವ ಬಣ್ಣದ ಉಣ್ಣೆಯ ಟೋಪಿ ಹಾಕಿಕೊಂಡಿದ್ದಳು. ನಮ್ಮ ಬಿಸಿಲಿನಲ್ಲಿ! ತೆಗೆ ಅಂದರೆ ಕೇಳಲಿಲ್ಲ, ಗೆಳತಿ ಹೆಣೆದದ್ದಂತೆ.

"ಹನ್ನೊಂದು ಮಂದಿ ಮುದುಕ್ಯಾರು ರೀ ಅಜ್ಜಾರ, ದಿನಾ ನಮ್ಮ ಬಾಗಲಾಗ. ನಾ ಕನ್ನಡದಾಗ ಬೈತೀನಿ, ಅವರು ತಮ್ಮ ಮಾತಿನಾಗ ಬೈತಾರ. ಈಗ ಒಬ್ಬರ ಎಳ್ಯಾಗೂ ಗಂಟಿಲ್ಲ."

"ಲಗಮವ್ವಾ, ನಿಂದು?"

"ಹೋದ ಚಳಿಗಾಲದಾಗ ಬಾಜೂ ಮನ್ಯಾಕಿ ಜೋಡಿ ಜಗಳಾ ಆತ್ರಿ, ನಮ್ಮ ಕೋಳಿ ಸಲುವಾಗಿ. ಅವರ ಭಾಷಾದಾಗ ಬೈದ್ನಿ. ಮರುದಿನ ಆಕಿ ಬ್ರೆಡ್ಡು ಮಾಡಿಕೊಂಡು ಬಂದ್ಲು. ಅವತ್ತ ಇದು ನಮ್ಮ ಮನಿ ಅನಿಸ್ತು, ಹೊಚ್ಚಲಕ್ಕ ಕುಂಕಮಾ ಹಚ್ಚಿದ್ನಿ ರೀ."

ಪಾರು ಆ ದೇಶದ ಹಾಡೊಂದನ್ನು ದೊಡ್ಡ ಗಂಟಲಲ್ಲಿ ಹಾಡಿದಳು. ದಿಬ್ಬದ ಮೇಲಿನ ಕುರಿಗಳೆಲ್ಲ ಒಟ್ಟಿಗೆ ಕೂಗಿದವು. ಅಜ್ಜ ಮೊಮ್ಮಗಳ ತಲೆ ಮುಟ್ಟಿದಂತೆ ಅವಳ ತಲೆ ಮುಟ್ಟಿದರು.

ಹೊರಡುವ ಹೊತ್ತಿಗೆ ಮಾಳಪ್ಪ ಹಿಂದೆ ಉಳಿದ.

"ಅಜ್ಜಾರ, ಇನ್ನೊಂದು ಕೇಳೂದೈತ್ರಿ. ನಮ್ಮ ಕಡಿಯವ್ರ ಇನ್ನೊಂದು ಕುಟುಂಬ ಅಲ್ಲಿಗೆ ಬರಾಕತ್ತೈತಿ. ಗಂಡ, ಹೆಂಡ್ತಿ, ಎರಡು ಮಕ್ಕಳು. ಅವರಿಗೂ ಅವ ಮೂರು ಊರು. ಯಾವ ಊರಾಗ ಇರೂಣು ಅಂತ ನನ್ನ ಕೇಳ್ಯಾರ. ನಮ್ಮ ಊರಿಗೆ ಬರ್ರಿ ಅಂತ ಹೇಳ್ಲ್ಯಾ?"

"ಹೇಳಬ್ಯಾಡ."

"ಮತ್ತ?"

"ಮೂರೂ ಊರಿಗೆ ಎಲ್ಲಾರನೂ ಕರಕೊಂಡು ಹೋಗು. ಮಕ್ಕಳನ್ನೂ."

"ಕರಕೊಂಡು ಹೋಗಿ?"

ಅಜ್ಜ ಕೋಲು ತೆಗೆದುಕೊಂಡು ಕುರಿಗಳ ಕಡೆ ಹೊರಟರು. ನಾಲ್ಕು ಹೆಜ್ಜೆ ಹೋದವರು ತಿರುಗಿ ನಿಂತರು.

"ಬಸ್ಸು ಎಷ್ಟೊತ್ತಿಗೆ ಬರತೈತಿ ಅಂತ ಹೇಳಬ್ಯಾಡ."