ಸೌರಮ್ಮ ತೊಳೆದ ಪಾದಗಳು

ಗಲಾಟೆ ಮಾಡದೆ ಕೂತ್ಕೊಳ್ಳಿ ಮಕ್ಕಳೇ. ಇದು ನಮ್ಮ ಸೌರಮ್ಮನ ಕಥೆ. ಇದನ್ನು ಹೇಳುವಾಗ ನನ್ನ ಎದೆ ಉಬ್ಬುತ್ತದೆ. ಸ್ವಲ್ಪ ಹೆಚ್ಚಾಗಿಯೇ ಉಬ್ಬಿದರೆ ಸಹಿಸಿಕೊಳ್ಳಿ.

ಕಣಿವೆಪುರ ಎಂಬ ರಾಜ್ಯದಲ್ಲಿ ದೇಪರಾಜ ಎಂಬ ರಾಜನಿದ್ದ. ಉಣ್ಣಲು ಇತ್ತು, ಉಡಲು ಇತ್ತು, ಮೆರೆಯಲು ಆನೆಯೂ ಇತ್ತು. ಆದರೆ ಒಂದು ದಿನ ಬೆಳಿಗ್ಗೆ ಎದ್ದವನೇ, ನಾನು ಯಾತಕ್ಕೆ ಹುಟ್ಟಿದೆ ಎಂದು ಕೇಳಿದ. ಯಾರ ಹತ್ತಿರವೂ ಉತ್ತರ ಇರಲಿಲ್ಲ. ಅಂದಿನಿಂದ ರಾಜನಿಗೆ ಅನ್ನ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಮನಸ್ಸಿಗೆ ಒಪ್ಪುವ ಉತ್ತರ ಕೊಟ್ಟವರು ಹೇಳಿದಂತೆ ನಡೆಯುತ್ತೇನೆ ಎಂದು ಡಂಗುರ ಸಾರಿಸಿದ.

ಆ ಅರಮನೆಯ ಬಾಗಿಲಲ್ಲಿ ಸೌರಮ್ಮ ಇದ್ದಳು. ಬಂದ ಅತಿಥಿಗಳ ಕಾಲು ತೊಳೆಯುವುದು ಅವಳ ಕೆಲಸ. ಯೇಸುಸ್ವಾಮಿಯನ್ನು ನಂಬಿದವಳು. ಕಾಲು ತೊಳೆಯುವುದೂ ಒಂದು ಬಾಳೇ ಎಂದು ಮಂತ್ರಿ ಮಲ್ಲರಸ ದಿನಾ ಅಣಕಿಸುತ್ತಿದ್ದ. ಸೌರಮ್ಮ ತಲೆ ತಗ್ಗಿಸುತ್ತಿರಲಿಲ್ಲ.

"ನಮ್ಮ ಸ್ವಾಮಿ ಮಾಡಿದ ಕೆಲಸ ನನ್ನ ಪಾಲಿಗೆ ಬಂದದೆ ಬುದ್ಧಿ. ನಿಮಗೆ ಸಿಗಲಿಲ್ಲ ಅಂತ ಹೊಟ್ಟೆಕಿಚ್ಚಾ?" ಅನ್ನುತ್ತಿದ್ದಳು.

ಮೊದಲನೆಯ ಜ್ಞಾನಿ ಬಂದ. ಸೌರಮ್ಮ ಕಾಲು ತೊಳೆದಳು. ಪಾದದ ಪಕ್ಕದಲ್ಲಿ, ಕುದುರೆ ಏರುವಾಗ ಕಾಲಿಡುವ ರಿಕಾಪು ಒತ್ತಿದ ಗುರುತು. ಯುದ್ಧ ಮಾಡು, ನೆರೆರಾಜ್ಯ ಗೆಲ್ಲು, ಹುಟ್ಟಿದ್ದೇ ಅದಕ್ಕೆ ಎಂದ ಅವನು. ಅಷ್ಟು ಹೊತ್ತಿಗೆ ರಾಜ ಮೂರು ರಾಜ್ಯ ಗೆದ್ದಾಗಿತ್ತು, ಸುಖ ಕಂಡಿರಲಿಲ್ಲ.

ಎರಡನೆಯ ಜ್ಞಾನಿ ಬಂದ. ಸೌರಮ್ಮ ಕಾಲು ತೊಳೆದಳು. ಹಿಮ್ಮಡಿಗೆಲ್ಲ ಗಂಧ ಪೂಸಿಕೊಂಡಿದ್ದ. ತಿನ್ನು, ಕುಡಿ, ಕುಣಿ ಎಂದ. ಅದೂ ರಾಜನಿಗೆ ಸಾಕಾಗಿತ್ತು.

ಮೂರನೆಯವನು ಬಂದ. ಹರಕು ಕಂಬಳಿ, ಮಂಡಿಯವರೆಗೆ ಧೂಳು. ಸಾವಿರ ಹರದಾರಿ ಬರಿಗಾಲಲ್ಲಿ ನಡೆದು ಬಂದೆ ಎಂದ. ಸೌರಮ್ಮ ಕಾಲು ತೊಳೆದಳು. ಧೂಳು ಹೋದ ಮೇಲೆ ನೋಡುತ್ತಾಳೆ, ಅಂಗಾಲು ಬೆಣ್ಣೆಯಂತಿದೆ. ಹಿಮ್ಮಡಿಯಲ್ಲಿ ಒಂದು ಬಿರುಕಿಲ್ಲ. ಮೇಲೆ ಚಪ್ಪಲಿಯ ಪಟ್ಟಿ ಇದ್ದ ಜಾಗ ಬೆಳ್ಳಗೆ ಉಳಿದಿದೆ. ಅವಳು ಕಾಲು ಒರೆಸಿ ಒಳಗೆ ಬಿಟ್ಟಳು.

ಅವನು ರಾಜನ ಮುಂದೆ ಕಣ್ಣು ಮುಚ್ಚಿ ನಿಂತ. "ಬಾಳಿಗೆ ಅರ್ಥವೇ ಇಲ್ಲ, ಮಹಾರಾಜ. ಮುದ್ರೆಯುಂಗುರ ಮಂತ್ರಿಗೆ ಕೊಟ್ಟು ಈಗಲೇ ಕಾಡಿಗೆ ಹೊರಡು."

ಸೋತುಹೋಗಿದ್ದ ರಾಜ ಉಂಗುರಕ್ಕೆ ಕೈ ಹಾಕಿದ. ಆ ಉಂಗುರ ಮಲ್ಲರಸನ ಕೈ ಸೇರಿದರೆ ರಾಜ್ಯದ ಗತಿ ಏನು, ಹೇಳಿ? ಸೌರಮ್ಮ ಒದ್ದೆ ಕೈಯಲ್ಲೇ ಸಭೆಯೊಳಗೆ ನಡೆದಳು. ಹೊಸಿಲು ದಾಟಿದರೆ ಊರು ಬಿಡಿಸುತ್ತೇನೆ ಎಂದು ಮಂತ್ರಿ ಗದರಿದ. ಅವಳು ದಾಟಿಯಾಗಿತ್ತು.

"ರಾಜರು ಬರಿಗಾಲಲ್ಲಿ ನಡೆದವರಲ್ಲ ಬುದ್ಧಿ. ಕಾಡಿನ ದಾರಿ ಬರೀ ಕಲ್ಲು. ಸಾವಿರ ಹರದಾರಿ ನಡೆದ ಈ ದೊಡ್ಡವರು ಕೋಟೆ ಬಾಗಿಲ ತನಕ ಜೊತೆಗೆ ನಡೆದು ತೋರಿಸಲಿ. ಉಂಗುರ ಅಲ್ಲೇ ಕೊಡುವಿರಂತೆ."

ರಾಜನಿಗೆ ಅದು ಸರಿ ಎನ್ನಿಸಿತು. ಮಟಮಟ ಮಧ್ಯಾಹ್ನ. ಅಂಗಳದ ಜಲ್ಲಿ ಕಾದ ಹಂಚಾಗಿತ್ತು. ಹತ್ತು ಹೆಜ್ಜೆಗೆ ಜ್ಞಾನಿ ತುಟಿ ಕಚ್ಚಿದ. ಇಪ್ಪತ್ತು ಹೆಜ್ಜೆಗೆ ಕುಪ್ಪಳಿಸಿದ. ಮೂವತ್ತಕ್ಕೆ ಕುಸಿದು ಕೂತು, ಮಂತ್ರಿಯ ಕಡೆ ತಿರುಗಿ ಕೂಗಿದ: "ಭಾವಾ, ಮೇನೆ ತರಿಸೋ, ಸತ್ತೆ!"

ಸಭೆಯೆಲ್ಲ ಮಂತ್ರಿಯ ಕಡೆ ತಿರುಗಿತು. ತನ್ನ ಹೆಂಡತಿಯ ತಮ್ಮನಿಗೇ ಕಂಬಳಿ ಹೊದಿಸಿ, ಊರ ಹೊರಗಿನವರೆಗೂ ಮೇನೆಯಲ್ಲಿ ಕರೆತಂದಿದ್ದನ್ನು ಮಲ್ಲರಸ ಒಪ್ಪಿಕೊಳ್ಳಲೇಬೇಕಾಯಿತು. ರಾಜ ಕತ್ತಿಗೆ ಕೈ ಹಾಕಿದ.

ಆಗ ಸೌರಮ್ಮ ಏನು ಮಾಡಿದಳು ಗೊತ್ತೇ? ತಣ್ಣೀರು ತಂದು, ಮಂಡಿಯೂರಿ, ಬೊಬ್ಬೆ ಎದ್ದ ಆ ಸುಳ್ಳನ ಕಾಲು ತೊಳೆದಳು. ಇವನಿಗೂ ಯಾಕೆ ಎಂದು ರಾಜ ಕೇಳಿದ.

"ಪ್ರತಿ ವರ್ಷ ಪವಿತ್ರ ಗುರುವಾರ ನಮ್ಮ ಚರ್ಚಿನ ಗುರುಗಳೇ ಬಗ್ಗಿ ಹನ್ನೆರಡು ಜನರ ಕಾಲು ತೊಳೀತಾರೆ ಬುದ್ಧಿ. ಯಾಕಂದ್ರೆ ಸಾಯೋದಕ್ಕೆ ಮುಂಚೆ ಯೇಸುಸ್ವಾಮಿ ಸೊಂಟಕ್ಕೆ ವಸ್ತ್ರ ಕಟ್ಟಿಕೊಂಡು ಶಿಷ್ಯರ ಕಾಲು ತೊಳೆದರು. ತನ್ನನ್ನ ಹಿಡಿದುಕೊಡುವವನ ಕಾಲನ್ನೂ ಬಿಡಲಿಲ್ಲ. ಅಂಥ ಪ್ರೀತಿ ನನಗೆ ಸಿಕ್ಕಿದೆ. ಅದನ್ನ ಇನ್ನೊಬ್ಬರಿಗೆ ಕೊಡೋದಕ್ಕೇ ನಾನು ಹುಟ್ಟಿದ್ದು. ನೀವೂ ಅದಕ್ಕೇ ಹುಟ್ಟಿದ್ದು."

ರಾಜ ಕತ್ತಿ ಬಿಚ್ಚಿಟ್ಟ, ಕಿರೀಟ ತೆಗೆದಿಟ್ಟ, ಅವಳ ಕೈಯಿಂದ ಕಾಲು ಒರೆಸುವ ವಸ್ತ್ರ ತೆಗೆದುಕೊಂಡು ಸೊಂಟಕ್ಕೆ ಕಟ್ಟಿದ. ಮಲ್ಲರಸನನ್ನು ಕೂರಿಸಿ, ಅವನ ಕಾಲ ಬಳಿ ಮಂಡಿಯೂರಿದ. ಕತ್ತಿಗೆ ಅಳದಿದ್ದ ಮಂತ್ರಿ ಆ ನೀರಿಗೆ ಮಗುವಿನ ಹಾಗೆ ಅತ್ತ.

ಮಂತ್ರಿಗಿರಿ ಹೋಯಿತು, ಬಿಡಿ. ಮಾರನೆಯ ದಿನದಿಂದ ಸೌರಮ್ಮನಿಗೆ ನೀರು ಸೇದಿಕೊಡುವ ಕೆಲಸ ಅವನ ಪಾಲಿಗೆ ಬಂತು. ರಾಜ ಅಂದು ಸಂಜೆ ಹೊಟ್ಟೆ ತುಂಬ ಉಂಡ.

ನೀತಿ ಏನು ಅಂದರೆ ಮಕ್ಕಳೇ, ದೇವರ ಪ್ರೀತಿ ಪಡೆದವನು ಇನ್ನೊಬ್ಬರ ಮುಂದೆ ಬಗ್ಗಲು ನಾಚುವುದಿಲ್ಲ. ಬಾಳಿನ ಅರ್ಥ ಇರುವುದು ಹಾಗೆ ಬಗ್ಗಿ ಮಾಡುವ ಸೇವೆಯಲ್ಲಿ. ನಾವು ಸೌರಮ್ಮನ ಕಡೆಯವರು. ಯಾರಾದರೂ ನಿಮ್ಮ ಕೆಲಸ ಸಣ್ಣದು ಎಂದರೆ ತಲೆ ಎತ್ತಿ ನಿಲ್ಲಿ, ಆಮೇಲೆ ಬಗ್ಗಿ ಅವರ ಕಾಲಿಗೂ ನೀರು ಕೊಡಿ.